ಗರ್ಭಿಣಿಯರ ಖಿನ್ನತೆ: ಸುತ್ತಲಿನ ಸಂಬಂಧಗಳ ಪಾತ್ರವೇನು?

ಖಿನ್ನತೆ ಅಂದರೆ ಹೆರಿಗೆಯ ನಂತರ ಬರುವುದು ಎಂದೇ ಹೆಚ್ಚಿನವರ ತಲೆಯಲ್ಲಿ ಕೂತಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ನೋಡಿ. ಗರ್ಭಿಣಿಯರಲ್ಲಿ ಸುಮಾರು 10%, ಹೆರಿಗೆಯಾದವರಲ್ಲಿ ಸುಮಾರು 13% ಮಂದಿಗೆ ಮಾನಸಿಕ ತೊಂದರೆ ಇರುತ್ತದೆ. ಅದರಲ್ಲಿ ಖಿನ್ನತೆಯೇ ಜಾಸ್ತಿ. ಅಭಿವೃದ್ಧಿಶೀಲ ದೇಶಗಳಲ್ಲಿ ಇಂಥ ತೊಂದರೆ ಇರುವ ಗರ್ಭಿಣಿಯರ ಪ್ರಮಾಣ ಸುಮಾರು 15.6% ಇದೆ.

ಕಾರಣಗಳ ಪಟ್ಟಿ ಉದ್ದ: ಹಿಂದೆ ಬಂದಿದ್ದ ಖಿನ್ನತೆ, ಆತಂಕ, ಬಯಸದೆ ಬಂದ ಗರ್ಭ, ಕಡಿಮೆ ಆದಾಯ, ಗಂಡನೊಂದಿಗೆ ಹಳಸಿದ ಸಂಬಂಧ. 2010ರಲ್ಲಿ ಪ್ರಕಟವಾದ ಒಂದು ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಉಳಿದ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಗಟ್ಟಿಯಾಗಿ ನಿಂತದ್ದು ಮೂರು: ಬದುಕಿನ ಒತ್ತಡ, ಆಸರೆಯ ಕೊರತೆ, ಮನೆಯೊಳಗಿನ ಹಿಂಸೆ. ಇವುಗಳಲ್ಲಿ ಎರಡು ನೇರವಾಗಿ ಸಂಬಂಧಗಳಿಗೇ ಸೇರಿದವು. ಪರೀಕ್ಷೆಗೆ ಒಂದೇ ಸಾಲು ನೆನಪಿಡುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಆಸರೆಯಲ್ಲಿ ಬಗೆಗಳಿವೆ. ಮನಸ್ಸಿಗೆ ಧೈರ್ಯ ತುಂಬುವುದು, ಕೈಕೆಲಸಕ್ಕೆ ಅಥವಾ ಹಣಕ್ಕೆ ನೆರವಾಗುವುದು, ಸರಿಯಾದ ಮಾಹಿತಿ ಕೊಡುವುದು. ಇದು ಸುಲಭ, ಮುಂದೆ ಹೋಗೋಣ.

ಕಷ್ಟದ ಪ್ರಶ್ನೆ, ಆಸರೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದು. 1985ರಲ್ಲಿ ಮನಶ್ಶಾಸ್ತ್ರಜ್ಞರಾದ ಕೋಹೆನ್ ಮತ್ತು ವಿಲ್ಸ್ ಎರಡು ದಾರಿಗಳನ್ನು ಬೇರ್ಪಡಿಸಿ ತೋರಿಸಿದರು. ಒಂದು, ಕಷ್ಟ ಇರಲಿ ಬಿಡಲಿ, ಜನರೊಂದಿಗೆ ಬೆರೆತಿರುವುದೇ ಮನಸ್ಸಿಗೆ ಒಳ್ಳೆಯದು. ಇನ್ನೊಂದು, ಒತ್ತಡ ಬಂದಾಗ ಆಸರೆ ಅದರ ಪೆಟ್ಟನ್ನು ತಗ್ಗಿಸುತ್ತದೆ. ಈ ಎರಡನೆಯದು ಚೆನ್ನಾಗಿ ಕಾಣುವುದು 'ಬೇಕಾದಾಗ ನನಗೆ ಯಾರೋ ಇದ್ದಾರೆ' ಎಂಬ ನಂಬಿಕೆಯನ್ನು ಅಳೆದಾಗ. ಸುಮ್ನೆ ಎಷ್ಟು ಜನ ಗೊತ್ತು ಎಂದು ಎಣಿಸಿದರೆ ಅಷ್ಟಾಗಿ ಕಾಣುವುದಿಲ್ಲ. ತುಂಬಿದ ಮನೆಯಲ್ಲೂ ಗರ್ಭಿಣಿ ಒಂಟಿಯಾಗಿರಬಹುದು, ಅಲ್ವಾ? ಲಂಡನ್ನಿನ ಕ್ಯಾಂಬರ್‌ವೆಲ್‌ನ ಮಹಿಳೆಯರನ್ನು ಅಧ್ಯಯನ ಮಾಡಿದ ಬ್ರೌನ್ ಮತ್ತು ಹ್ಯಾರಿಸ್ ಕೂಡ 1978ರಲ್ಲೇ ಇಂಥದ್ದನ್ನು ಹೇಳಿದ್ದರು: ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಆಪ್ತರೂ ಇಲ್ಲದವರಿಗೆ ಕಷ್ಟ ಎದುರಾದಾಗ ಖಿನ್ನತೆ ಬರುವ ಸಾಧ್ಯತೆ ಜಾಸ್ತಿ.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಆಸರೆ ಕಡಿಮೆ ಎಂದರೆ ಜಗಳ ಜಾಸ್ತಿ ಎಂದಲ್ಲ. ಇವೆರಡನ್ನೂ ಬೇರೆಬೇರೆಯಾಗಿ ಅಳೆಯಬೇಕು. ಆಸ್ಪತ್ರೆಗೆ ತಪ್ಪದೆ ಕರೆದುಕೊಂಡು ಹೋಗುವ ಗಂಡನೇ ಮನೆಯಲ್ಲಿ ಮಾತುಮಾತಿಗೂ ಚುಚ್ಚುತ್ತಿರಬಹುದು. ಆಗ 'ಗಂಡ ಸಹಾಯ ಮಾಡುತ್ತಾರಾ?' ಎಂಬ ಪ್ರಶ್ನೆಗೆ 'ಹೌದು' ಎಂಬ ಉತ್ತರ ಬರುತ್ತದೆ. ನೋವು ಮಾತ್ರ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಕಾರಣ ಯಾವುದು, ಪರಿಣಾಮ ಯಾವುದು ಎಂಬುದೂ ಅಷ್ಟು ಸರಳವಲ್ಲ. ಖಿನ್ನತೆ ಇರುವವರು ತಾವೇ ಜನರಿಂದ ದೂರ ಸರಿಯುತ್ತಾರೆ. ಸಿಗುತ್ತಿರುವ ಪ್ರೀತಿಯೂ ಅವರಿಗೆ ಕಡಿಮೆಯಾಗಿ ಕಾಣುತ್ತದೆ. ಒಂದೇ ಸಲ ಕೇಳಿ ಮುಗಿಸಿದ ಸಮೀಕ್ಷೆಯಿಂದ 'ಆಸರೆ ಇಲ್ಲದ್ದಕ್ಕೇ ಖಿನ್ನತೆ ಬಂತು' ಎಂದು ಬರೆಯಬೇಡಿ. ಆಸರೆ ಕೊಟ್ಟು ಫಲ ನೋಡಿದ ಪ್ರಯೋಗಗಳಿಗೆ ತೂಕ ಹೆಚ್ಚು. ಪಾಕಿಸ್ತಾನದ ಹಳ್ಳಿಗಳಲ್ಲಿ ಸಮುದಾಯ ಆರೋಗ್ಯ ಕಾರ್ಯಕರ್ತೆಯರು ಖಿನ್ನತೆ ಇದ್ದ ಗರ್ಭಿಣಿಯರ ಮನೆಗೇ ಹೋಗಿ ಮಾತಾಡಿದರು, ಮನೆಯವರನ್ನೂ ಸೇರಿಸಿಕೊಂಡರು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಗುವಿಗೆ ಆರು ತಿಂಗಳಾಗುವಾಗ ಈ ತಾಯಂದಿರಲ್ಲಿ 23% ಮಂದಿಗೆ ಮಾತ್ರ ಖಿನ್ನತೆ ಇತ್ತು. ಹೋಲಿಕೆಗೆ ಇಟ್ಟುಕೊಂಡ ಇನ್ನೊಂದು ಗುಂಪಿನಲ್ಲಿ 53%. ಆದರೆ ಅವರು ಕೊಟ್ಟದ್ದು ಬರೀ ಸಾಂತ್ವನವಲ್ಲ, ಯೋಚನೆಯ ರೀತಿ ಬದಲಿಸುವ ಚಿಕಿತ್ಸೆಯೂ ಅದರಲ್ಲಿತ್ತು.

ಕೊನೆಗೆ, ಅಳತೆಯ ವಿಷಯ. ಖಿನ್ನತೆಯ ಲಕ್ಷಣಗಳನ್ನು ಗುರುತಿಸುವ ಪ್ರಶ್ನಾವಳಿಯಾದ ಎಡಿನ್‌ಬರ್ಗ್ ಮಾಪಕವನ್ನು 1987ರಲ್ಲಿ ಬಾಣಂತಿಯರಿಗಾಗಿ ಮಾಡಿದರು, ಈಗ ಗರ್ಭಿಣಿಯರಿಗೂ ಬಳಸುತ್ತಾರೆ. ಹತ್ತು ಪ್ರಶ್ನೆ, ಒಟ್ಟು 30 ಅಂಕ. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ, ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನು ಬಂದರೂ ತಕ್ಷಣ ಗಮನ ಕೊಡಬೇಕು. ಆದರೆ ಈ ಹತ್ತರಲ್ಲಿ ಸಂಬಂಧಗಳ ಬಗ್ಗೆ ಒಂದೂ ಇಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು. ಮನೆಯ ಹಿಂಸೆಯ ಬಗ್ಗೆಯಂತೂ ಆಕೆ ಒಬ್ಬಳೇ ಇರುವಾಗ ಮಾತ್ರ ಕೇಳಬೇಕು.