ಸೌಂದರ್ಯ ಕನ್ನಡ ಬಿಟ್ಟು ಹೋದರೇ?

ಪ್ರಶ್ನೆ: ನಟಿ ಸೌಂದರ್ಯ ಮುಳಬಾಗಿಲಿನ ಕಡೆಯವರು ಅಂತೀರಿ. ಆದರೆ ಅವರ ಹೆಸರು ಹೇಳಿದ ಕೂಡಲೇ ಎಲ್ಲರಿಗೂ ನೆನಪಾಗುವುದು ತೆಲುಗು ಸಿನಿಮಾ. ಕನ್ನಡದಲ್ಲಿ ಅವಕಾಶ ಸಿಗಲಿಲ್ಲವೇ? ಅಥವಾ ಅವರೇ ಕನ್ನಡ ಬೇಡವೆಂದು ಹೋದರೇ?

ಈ ಪ್ರಶ್ನೆ ಬಾರದ ವರ್ಷವೇ ಇಲ್ಲ. ಕೇಳುವವರ ದನಿಯಲ್ಲಿ ಸಣ್ಣದೊಂದು ದೂರು ಇದ್ದೇ ಇರುತ್ತದೆ, ಮನೆಮಗಳು ಪಕ್ಕದ ಮನೆಯಲ್ಲೇ ಹೆಚ್ಚು ಊಟ ಮಾಡಿದಳು ಎನ್ನುವ ಹಾಗೆ. ಮೊದಲೇ ಹೇಳಿಬಿಡುತ್ತೇನೆ: ಎರಡೂ ಅಲ್ಲ.

ಹುಟ್ಟುಹೆಸರು ಸೌಮ್ಯ. ತಂದೆ ಕೆ.ಎಸ್. ಸತ್ಯನಾರಾಯಣ ಕನ್ನಡ ಚಿತ್ರರಂಗದಲ್ಲೇ ಕಥೆಗಾರರು, ನಿರ್ಮಾಪಕರು. ಹಾಗಾಗಿ ಸಿನಿಮಾ ಮಾತು ಮನೆಗೆ ಹೊಸದಲ್ಲ. ಆದರೂ ಮಗಳು ಹಿಡಿದದ್ದು ಡಾಕ್ಟರಿಕೆಯ ದಾರಿ. ಎಂಬಿಬಿಎಸ್ ಓದುತ್ತಿದ್ದಾಗ ತಂದೆಯ ಸ್ನೇಹಿತರ ಮೂಲಕ ಒಂದು ಪಾತ್ರ ಬಂತು, 1992ರ ‘ಗಂಧರ್ವ’ ಚಿತ್ರಕ್ಕೆ. ಶಶಿಕುಮಾರ್ ನಾಯಕ, ನಿರ್ದೇಶನ ಹಂಸಲೇಖ ಅವರದು. ಅದೇ ವರ್ಷ ‘ಬಾ ನನ್ನ ಪ್ರೀತಿಸು’ ಕೂಡ ಬಂತು. ಓದು ಅರ್ಧಕ್ಕೇ ನಿಂತಿತು. ಬಾಗಿಲು ತೆರೆದದ್ದು ಕನ್ನಡವೇ, ಅದರಲ್ಲಿ ಅನುಮಾನ ಬೇಡ.

ಮುಳಬಾಗಿಲು ಎಂದರೆ ಕೋಲಾರ ಜಿಲ್ಲೆಯ ಪೂರ್ವದ ಅಂಚು. ಅಲ್ಲಿಂದ ಆಂಧ್ರದ ಗಡಿ ಕೂಗಳತೆ ದೂರ. ಸಂತೆಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುವುದು ಆ ಕಡೆ ಮಾಮೂಲು. ಬೆಂಗಳೂರಿನಲ್ಲಿ ಕೂತು ನಾವು ಎಳೆಯುವ ‘ಈ ಭಾಷೆ, ಆ ಭಾಷೆ’ ಎಂಬ ಗೆರೆ ಅಲ್ಲಿ ಅಷ್ಟು ದಪ್ಪವಾಗಿಲ್ಲ.

1993ರಲ್ಲಿ ತೆಲುಗಿನ ‘ಮನವರಾಲಿ ಪೆಳ್ಳಿ’ ಬಂತು. ಅದೇ ವರ್ಷ ತಮಿಳಿನಲ್ಲಿ ಕಾರ್ತಿಕ್ ಜೊತೆ ‘ಪೊನ್ನುಮಣಿ’. ಆದರೆ ದಿಕ್ಕು ಬದಲಿಸಿದ್ದು ಎಸ್.ವಿ. ಕೃಷ್ಣಾರೆಡ್ಡಿ ಅವರ ಎರಡು ಹಾಸ್ಯ ಚಿತ್ರಗಳು. ‘ರಾಜೇಂದ್ರುಡು ಗಜೇಂದ್ರುಡು’ ಚಿತ್ರದಲ್ಲಿ ರಾಜೇಂದ್ರ ಪ್ರಸಾದ್ ಅವರಿಗೆ ಲಾಟರಿಯಲ್ಲಿ ಆನೆಯೊಂದು ಗಂಟುಬೀಳುತ್ತದೆ. ಕಥೆಯನ್ನೆಲ್ಲ ಆನೆಯೇ ತಿಂದುಹಾಕಬೇಕಿತ್ತು, ಆದರೂ ಜನ ನಾಯಕಿಯನ್ನು ಗುರುತಿಟ್ಟುಕೊಂಡರು. ಇನ್ನೊಂದು ‘ಮಾಯಲೋಡು’. ಅದರಲ್ಲಿ ಹಾಸ್ಯನಟ ಬಾಬು ಮೋಹನ್ ಜೊತೆ ಮಳೆಯಲ್ಲಿ ನೆನೆಯುತ್ತಾ ಕುಣಿಯುವ ಹಾಡೊಂದಿದೆ. ನಾಯಕಿಯಾಗಬೇಕೆಂದು ಬಂದವಳು ಕಾಮಿಡಿಯನ್ ಜೊತೆ ಡ್ಯುಯೆಟ್ ಹಾಡಿದರೆ ‘ಇಮೇಜ್’ ಕೆಡುತ್ತದೆ ಎಂದು ಹೆದರುವ ಕಾಲ ಅದು. ಈ ಹುಡುಗಿ ಯಾವ ಬಿಗುಮಾನವೂ ಇಲ್ಲದೆ, ದೊಡ್ಡ ಸ್ಟಾರ್ ಎದುರು ನಿಂತಷ್ಟೇ ಖುಷಿಯಿಂದ ಕುಣಿದಳು. ಹಾಡು ಊರೂರಲ್ಲಿ ಮೊಳಗಿತು. ತೆಲುಗಿನವರು ಅವರನ್ನು ತಮ್ಮವರೆಂದು ಒಪ್ಪಿಕೊಂಡದ್ದು ಪ್ರಶಸ್ತಿ ತಂದ ಗಂಭೀರ ಚಿತ್ರಗಳಿಗಿಂತ ಮೊದಲು ಈ ಮಳೆಹಾಡಿನಲ್ಲಿ ಎಂದೇ ನನ್ನ ಎಣಿಕೆ.

1994ರಲ್ಲಿ ನಾಗಾರ್ಜುನ ಜೊತೆ ‘ಹಲೋ ಬ್ರದರ್’. 1995ರಲ್ಲಿ ಕೋಡಿ ರಾಮಕೃಷ್ಣ ನಿರ್ದೇಶನದ ‘ಅಮ್ಮೋರು’. ಗ್ರಾಫಿಕ್ಸ್ ನೋಡಲು ಜನ ಮುಗಿಬಿದ್ದ ಸಿನಿಮಾ ಅದು, ದೇವಿಯಾಗಿ ರಮ್ಯಾ ಕೃಷ್ಣ ಕಣ್ಣು ಕೆಂಪಗೆ ಮಾಡಿ ನಿಂತರೆ ಚಿತ್ರಮಂದಿರದಲ್ಲಿ ಆರತಿ ಎತ್ತುತ್ತಿದ್ದರು. ದೇವಿಯನ್ನು ನಂಬಿದ ಬಡ ಸೊಸೆಯ ಪಾತ್ರ ಸೌಂದರ್ಯ ಅವರದು. ಇಂಥ ಕಥೆಯಲ್ಲಿ ಸೊಸೆ ನಿಜವೆನಿಸದಿದ್ದರೆ ದೇವಿ ಬಂದರೂ ಪ್ರಯೋಜನವಿಲ್ಲ. ಮುಂದಿನ ವರ್ಷ ವೆಂಕಟೇಶ್ ಜೊತೆ ‘ಪವಿತ್ರ ಬಂಧಂ’, 1998ರಲ್ಲಿ ಕೃಷ್ಣವಂಶಿ ಅವರ ‘ಅಂತಃಪುರಂ’. ಅಷ್ಟರಲ್ಲಿ ‘ಅಭಿನವ ಸಾವಿತ್ರಿ’ ಎಂಬ ಬಿರುದೂ ಬಂದಿತ್ತು. ಸಾವಿತ್ರಿ ಎಂದರೆ ತೆಲುಗಿನ ಹಿಂದಿನ ತಲೆಮಾರಿನ ಮಹಾನಟಿ, ತೆಲುಗಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಇಲ್ಲೊಂದು ತಮಾಷೆ. ತೆಲುಗರ ಈ ಮನೆಮಗಳಿಗೆ ಹಲವು ಚಿತ್ರಗಳಲ್ಲಿ ಕಂಠ ಕೊಟ್ಟವರು ಸರಿತಾ, ನಮ್ಮ ‘ಹೊಸಬೆಳಕು’ ಚಿತ್ರದ ಸರಿತಾ. ಮುಖ ಕೋಲಾರದ್ದು, ದನಿ ಇನ್ನೊಬ್ಬರದು, ಅಳು ಮಾತ್ರ ತೆಲುಗರ ಸ್ವಂತದ್ದು!

ಹಾಗಿದ್ದರೆ ಕನ್ನಡ? ವರ್ಷಕ್ಕೆ ಕೈತುಂಬ ಚಿತ್ರ, ಒಳ್ಳೆಯ ಸಂಭಾವನೆ, ನಾಯಕಿಯ ಮೇಲೆ ಕಥೆ ಹೆಣೆಯುವ ನಿರ್ದೇಶಕರು ಅಲ್ಲಿದ್ದರು. ತೆಲುಗು ಮಾರುಕಟ್ಟೆ ನಮ್ಮದಕ್ಕಿಂತ ದೊಡ್ಡದು. ಕೆಲಸ ಬಲ್ಲವರು ಕೆಲಸ ಇರುವ ಕಡೆ ಹೋದರು, ಅಷ್ಟೇ. ಅದರ ನಡುವೆಯೂ ರವಿಚಂದ್ರನ್ ಜೊತೆ ‘ಸಿಪಾಯಿ’, ‘ನಾನು ನನ್ನ ಹೆಂಡ್ತೀರು’, ರಮೇಶ್ ಅರವಿಂದ್ ಜೊತೆ ‘ಆರ್ಯಭಟ’ ಮಾಡಿದರು. ರಜನೀಕಾಂತ್ ಜೊತೆ ‘ಅರುಣಾಚಲಂ’, ‘ಪಡೆಯಪ್ಪ’, ಅಮಿತಾಭ್ ಜೊತೆ ‘ಸೂರ್ಯವಂಶಂ’ ಮಾಡುತ್ತಿದ್ದ ವರ್ಷಗಳೂ ಅವೇ. 2001ರ ‘ಶ್ರೀ ಮಂಜುನಾಥ’ ಕನ್ನಡ, ತೆಲುಗು ಎರಡರಲ್ಲೂ ಬಂತು.

ಲೆಕ್ಕ ಚುಕ್ತಾ ಆಗುವುದು ಮಾತ್ರ ‘ದ್ವೀಪ’ದಲ್ಲಿ. ನಾ. ಡಿಸೋಜಾ ಅವರ ಕಾದಂಬರಿ, ಗಿರೀಶ್ ಕಾಸರವಳ್ಳಿ ನಿರ್ದೇಶನ. ಹಣ ಹಾಕಿದ್ದು ಸೌಂದರ್ಯ. ಅಣೆಕಟ್ಟಿನ ನೀರು ದಿನದಿನಕ್ಕೆ ಮೇಲೇರುತ್ತಿದೆ, ಗುಡ್ಡದ ಮನೆಯೊಂದು ದ್ವೀಪವಾಗುತ್ತಿದೆ, ಗಂಡ ಗಣಪ, ಮಾವ ದುಗ್ಗಜ್ಜ, ನಡುವೆ ಸೌಂದರ್ಯ ಅವರ ನಾಗಿ. ಜಡಿಮಳೆಯ ರಾತ್ರಿಯಲ್ಲಿ ಮನೆಯನ್ನೂ ದನಕರುಗಳನ್ನೂ ಕಾಯುವವಳು ನಾಗಿ. ಬೆಳಗಾದಾಗ ಗಂಡ ಎಲ್ಲವನ್ನೂ ದೇವರ ಲೆಕ್ಕಕ್ಕೆ ಬರೆಯುತ್ತಾನೆ. ಆಗಿನ ನಾಗಿಯ ಮುಖ ನೋಡಬೇಕು. ಮಾತಿಲ್ಲ, ಕಣ್ಣೀರೂ ಇಲ್ಲ, ಒಳಗೇನೋ ಮುರಿದದ್ದು ಮಾತ್ರ ನಮಗೆ ಗೊತ್ತಾಗುತ್ತದೆ. ಚಿತ್ರಕ್ಕೆ ಅತ್ಯುತ್ತಮ ಕಥಾಚಿತ್ರವೆಂದು ಸ್ವರ್ಣಕಮಲ ಬಂತು, ಎಚ್.ಎಂ. ರಾಮಚಂದ್ರ ಅವರ ಛಾಯಾಗ್ರಹಣಕ್ಕೂ ರಾಷ್ಟ್ರಪ್ರಶಸ್ತಿ. ಸೌಂದರ್ಯ ಅವರಿಗೆ ಅತ್ಯುತ್ತಮ ನಟಿಯೆಂದು ರಾಜ್ಯಪ್ರಶಸ್ತಿ. ಇಂಥ ಚಿತ್ರದಿಂದ ದುಡ್ಡು ವಾಪಸ್ ಬರುವುದಿಲ್ಲ ಎಂದು ನಿರ್ಮಾಪಕರ ಮಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೊತ್ತಿದ್ದೇ ಹಾಕಿದರು.

2004ರ ಏಪ್ರಿಲ್ 17. ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಸೌಂದರ್ಯ ಹೊರಟಿದ್ದ ಪುಟ್ಟ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಬಿತ್ತು. ಸೌಂದರ್ಯ ತೀರಿಕೊಂಡರು, ಅಣ್ಣ ಅಮರನಾಥ್ ಕೂಡ ಜೊತೆಯಲ್ಲೇ ಹೋದರು.

‘ಆಪ್ತಮಿತ್ರ’ ತೆರೆಗೆ ಬಂದದ್ದು ಅದಾದ ನಾಲ್ಕು ತಿಂಗಳಿಗೆ. ಅದರಲ್ಲಿ ಸೌಂದರ್ಯ ಅವರ ಪಾತ್ರ ಗಂಗಾ, ಎಂದೋ ಸತ್ತ ನರ್ತಕಿ ನಾಗವಲ್ಲಿ ತಾನೇ ಎಂದುಕೊಳ್ಳುವವಳು. ಮಲಯಾಳದ ಮೂಲದಲ್ಲಿ ನಾಗವಲ್ಲಿ ತಮಿಳು ನರ್ತಕಿ, ಪಿ. ವಾಸು ಕನ್ನಡಕ್ಕೆ ತರುವಾಗ ಆಕೆಯನ್ನು ತೆಲುಗಿನವಳನ್ನಾಗಿ ಮಾಡಿದರು. ಹಾಗಾಗಿ ಕಥೆಯುದ್ದಕ್ಕೂ ಅಚ್ಚಗನ್ನಡ ಆಡುವ ಗಂಗಾ ಇದ್ದಕ್ಕಿದ್ದಂತೆ ಕತ್ತು ಓರೆ ಮಾಡಿ, ಕಣ್ಣರಳಿಸಿ, ‘ರಾ ರಾ’ ಎಂದು ತೆಲುಗಿನಲ್ಲಿ ಹಾಡತೊಡಗುತ್ತಾಳೆ. ನಮ್ಮ ಜನ ಆ ಹಾಡನ್ನು ಅನುವಾದ ಕೇಳದೆ ಬಾಯಿಪಾಠ ಮಾಡಿಕೊಂಡರು.