ದೆವ್ವ ಯಾಕೆ ಹೆಚ್ಚಾಗಿ ಹೆಣ್ಣೇ ಆಗಿರುತ್ತೆ?

ಓದುಗರ ಪ್ರಶ್ನೆ: ನಮ್ಮ ಸಿನಿಮಾಗಳಲ್ಲಿ ದೆವ್ವ ಅಂದ್ರೆ ಹೆಚ್ಚು ಕಡಿಮೆ ಹೆಂಗಸೇ. ಕಾಲೇಜಿಗೆ ಹೋಗುವ ಮಗಳು ಇಂಥವನ್ನೇ ಹುಡುಕಿ ನೋಡುತ್ತಾಳೆ. ಇವು ಹೆಣ್ಣಿನ ಪರವೋ, ವಿರುದ್ಧವೋ?
– ಓದುಗರೊಬ್ಬರು, ಮಂಡ್ಯ

ಎರಡೂ ಹೌದು. ಎಷ್ಟೋ ಸಲ ಒಂದೇ ಸಿನಿಮಾದಲ್ಲಿ ಎರಡೂ ಇರುತ್ತವೆ.

ಇಂಥ ಕಥೆಗೆ ನೀವು ದೂರ ಹೋಗಬೇಕಿಲ್ಲ. 1610ರಲ್ಲಿ ಮೈಸೂರಿನ ರಾಜ ಒಡೆಯರ್ ಶ್ರೀರಂಗಪಟ್ಟಣ ಗೆದ್ದ ಮೇಲೆ, ಅಲ್ಲಿ ಆಳುತ್ತಿದ್ದ ತಿರುಮಲರಾಯನ ಹೆಂಡತಿ ಅಲಮೇಲಮ್ಮನ ಒಡವೆ ತರಲು ಸೈನಿಕರು ಬೆನ್ನಟ್ಟಿದರಂತೆ. ಆಕೆ 'ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ' ಎಂದು ಶಾಪ ಹಾಕಿ ಕಾವೇರಿಗೆ ಹಾರಿದಳಂತೆ. ಬದುಕಿದ್ದಾಗ ಯಾರೂ ಕಿವಿಗೊಡದವಳಿಗೆ ಆಮೇಲೆ ಮೈಸೂರು ಅರಮನೆಯಲ್ಲೇ ಮೂರ್ತಿ, ಪೂಜೆ. ನಮ್ಮ ಹಾರರ್ ಸಿನಿಮಾಗಳದ್ದೂ ಇದೇ ಲೆಕ್ಕ. ಅನ್ಯಾಯವಾದವಳು ಬಿಡುವುದಿಲ್ಲ, ಸರಿ. ಆದರೆ ಬಾಯಿ ಬಿಡಬೇಕಾದರೆ ಅವಳು ಸತ್ತಿರಬೇಕು!

'ಆಪ್ತಮಿತ್ರ' (2004) ನೋಡಿ. ನಾಗವಲ್ಲಿ ಹಿಂದಿನ ಕಾಲದ ನರ್ತಕಿ. ಅವಳು ಇಷ್ಟಪಟ್ಟವನನ್ನು ರಾಜ ಕೊಂದ, ಅವಳನ್ನು ಸುಟ್ಟ. ಈ ಹಳೇ ಸಿಟ್ಟು ಈಗಿನ ಕಾಲದ ಗೃಹಿಣಿ ಗಂಗಾಳ ಮೈಯಲ್ಲಿ ಎದ್ದಾಗ ಸೌಂದರ್ಯ ಅವರ ಕಣ್ಣು ನೋಡಿ ಥಿಯೇಟರೇ ಬೆವರಿತ್ತು, ಅಲ್ವಾ? ನಮಗೆ ಭಯವೂ ಆಗುತ್ತೆ, ಒಳಗೊಳಗೇ ಅವಳು ಗೆಲ್ಲಲಿ ಅಂತಲೂ ಅನ್ನಿಸುತ್ತೆ. ಆಮೇಲೇನಾಗುತ್ತೆ? ಡಾಕ್ಟರು, ಆಚಾರ್ಯರು, ಗಂಡ ಸೇರಿ ಉಪಾಯ ಮಾಡಿ, ರಾಜನ ಜಾಗಕ್ಕೆ ಗೊಂಬೆ ತಂದು ಅವಳ ಸೇಡು ತೀರಿಸುತ್ತಾರೆ. ಗಂಗಾಳಿಗೇ ಅದರ ಅರಿವಿಲ್ಲ. ನನಗೆ ಇಷ್ಟದ ಸಿನಿಮಾ, ಆದರೂ ಇದೊಂದು ಚುಚ್ಚುತ್ತೆ.

ತೊಂಬತ್ತರ ದಶಕದಲ್ಲಿ ನಮ್ಮ ಕಡೆ, ರಾತ್ರಿ ಬಾಗಿಲು ತಟ್ಟುವ ದೆವ್ವ ಓದಿ ವಾಪಸ್ ಹೋಗಲಿ ಅಂತ, ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದದ್ದು ನಿಮಗೂ ನೆನಪಿರಬಹುದು. ಅಂಥದ್ದೇ ನಂಬಿಕೆಯನ್ನು ಹಿಂದಿಯ 'ಸ್ತ್ರೀ' (2018) ತಿರುಗಿಸಿ ಹಾಕಿತು. ಕತ್ತಲಾದ ಮೇಲೆ ಒಬ್ಬರೇ ಹೊರಗೆ ಹೋಗಬೇಡಿ ಅನ್ನುವ ಬುದ್ಧಿಮಾತು ಅಲ್ಲಿ ಗಂಡಸರಿಗೆ. ದೆವ್ವವೂ ಹೆಸರು ಹಿಡಿದು ಕರೆದು, ಅವನು ತಿರುಗಲಿ ಅಂತ ಕಾಯುತ್ತೆ. ಒಪ್ಪಿಗೆ ಕೇಳುವ ದೆವ್ವ! ನಗಿಸುತ್ತಲೇ ಕುಟುಕುವ ರೀತಿ ಇದು.

ಕೆಡುಕೂ ಇದೆ. ಬೇವಿನ ಸೊಪ್ಪಿನಲ್ಲಿ ಹೊಡೆದು, ಜಡೆ ಹಿಡಿದು ದೆವ್ವ ಬಿಡಿಸುವುದನ್ನು ಎಷ್ಟೋ ಸಿನಿಮಾಗಳು ಮಜಾ ಅನ್ನೋ ಹಾಗೆ ತೋರಿಸಿವೆ. ನಿಜದಲ್ಲಿ ಆ ಏಟು ತಿನ್ನುವವಳು ಕಾಯಿಲೆ ಬಿದ್ದವಳೋ, ಗಂಡನ ಮನೆಯಲ್ಲಿ ಸೋತವಳೋ ಆಗಿರುತ್ತಾಳೆ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಅಪರಾಧ.

ಇನ್ನು ಸಿನಿಮಾ ಹೊರಗಿನ ಜಗತ್ತನ್ನು ಮುಟ್ಟಿದ್ದಕ್ಕೆ ನನಗೆ ಮೊದಲು ಹೊಳೆಯುವುದು ಹಾಲಿವುಡ್‌ನ 'ಗ್ಯಾಸ್‌ಲೈಟ್' (1944). ಮೊದಲು ನಾಟಕವಾಗಿತ್ತು. ದೆವ್ವವಿಲ್ಲ, ಆದರೆ ಅದಕ್ಕಿಂತ ಜಾಸ್ತಿ ಭಯ. ಮನೆಯ ದೀಪ ಸಣ್ಣಗಾಗುತ್ತೆ, ಅಟ್ಟದಲ್ಲಿ ಹೆಜ್ಜೆ ಸದ್ದು. ಹೆಂಡತಿ ಹೇಳಿದರೆ, ನಿನಗೆ ಭ್ರಮೆ ಅನ್ನುತ್ತಾನೆ ಗಂಡ. ಅಟ್ಟದಲ್ಲಿ ಹುಡುಕುತ್ತಿರುವವನು ಅವನೇ. (ಇಲ್ಲೂ ಒಡವೆಯ ಆಸೆಯೇ ನೋಡಿ.) ಹೊಡೆಯದೆಯೇ ಒಬ್ಬಳ ಬುದ್ಧಿ ಕೆಡಿಸುವ ಈ ಹಿಂಸೆಗೆ ಮುಂದೆ 'ಗ್ಯಾಸ್‌ಲೈಟಿಂಗ್' ಅಂತ ಇದೇ ಹೆಸರು ನಿಂತಿತು. ಗಂಡ ಹೆಂಡತಿಯನ್ನು ಹೀಗೆ ಹಿಡಿತದಲ್ಲಿ ಇಟ್ಟುಕೊಳ್ಳುವುದನ್ನು ಇಂಗ್ಲೆಂಡ್ 2015ರಲ್ಲಿ ಅಪರಾಧವೆಂದಿತು. ನಮ್ಮಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲೇ ಮಾನಸಿಕ ಹಿಂಸೆಯೂ ಸೇರಿದೆ. ಸಿನಿಮಾದಿಂದಲೇ ಕಾನೂನು ಬಂತು ಅನ್ನಲಾಗದು. ಆದರೆ 'ನನಗೂ ಹೀಗೇ ಆಗ್ತಿದೆ' ಅಂತ ಹೇಳಿಕೊಳ್ಳಲು ಹೆಂಗಸರಿಗೆ ಅದು ಮಾತು ಕೊಟ್ಟಿತು.

ಮಗಳು ನೋಡಲಿ ಬಿಡಿ. ಜೊತೆಗೆ ಕೂತು ನೀವೂ ನೋಡಿ. 'ಆಪ್ತಮಿತ್ರ' ಮುಗಿದಾಗ ಗಂಗಾಳ ವಿಷಯ ಎತ್ತಿದರೆ, ಅವಳೇ ನಿಮಗಿಂತ ಜಾಸ್ತಿ ಮಾತಾಡುತ್ತಾಳೆ.