ನಾವೀನ್ಯತಾ ನೀತಿ ಯಾರಿಗೆ ತಲುಪುತ್ತದೆ? ಒಳಗೊಳ್ಳುವ ಬೆಳವಣಿಗೆ: ಅಧ್ಯಯನ ಟಿಪ್ಪಣಿ

ನಾವೀನ್ಯತಾ ನೀತಿ ಎಂದರೆ ಹೆಚ್ಚಿನವರು ಮೊದಲು ಬರೆಯುವುದು ಸಂಶೋಧನೆಗೆ ಜಿಡಿಪಿಯ ಶೇಕಡಾ ಎಷ್ಟು ಖರ್ಚಾಗುತ್ತದೆ ಎಂಬುದನ್ನು. ಆ ಅಂಕಿಯಿಂದ ಹಣ ಎಷ್ಟು ಹೋಯಿತೆಂದು ಗೊತ್ತಾಗುತ್ತದೆಯೇ ಹೊರತು ಫಲ ಯಾರ ಕೈ ಸೇರಿತೆಂದಲ್ಲ. ನಾವು ಕೇಳಬೇಕಾದ್ದು ಬೇರೆ: ಬಳಸುವವರಿಗೆ ಎಟಕುವ ಬೆಲೆಯನ್ನು ಸಂಶೋಧನೆಗೆ ಮೊದಲೇ ಗೊತ್ತುಮಾಡಿದ್ದರೇ, ಇಲ್ಲವೇ?

ಇದಕ್ಕೆ ಅತ್ಯುತ್ತಮ ಉದಾಹರಣೆ ಮೆನ್‌ಆಫ್ರಿವ್ಯಾಕ್ ಲಸಿಕೆ. ಆಫ್ರಿಕಾದಲ್ಲಿ ಮೆದುಳು ಪೊರೆಯುರಿತ (ಮೆನಿಂಜೈಟಿಸ್) ಪದೇ ಪದೇ ಹರಡುವ ದೇಶಗಳ ವಲಯಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪಾಥ್ ಎಂಬ ಲಾಭರಹಿತ ಆರೋಗ್ಯ ಸಂಸ್ಥೆ 2001ರಲ್ಲಿ ಯೋಜನೆ ಆರಂಭಿಸಿದವು. ಒಂದು ಡೋಸ್‌ನ ಬೆಲೆ 50 ಅಮೆರಿಕನ್ ಸೆಂಟ್ ದಾಟಬಾರದು ಎಂಬುದು ಗುರಿ; ಅದಕ್ಕಿಂತ ದುಬಾರಿಯಾದರೆ ಆ ದೇಶಗಳು ಬಹುಕಾಲ ಕೊಳ್ಳಲಾರವು. ಹೀಗಾಗಿ ಲಸಿಕೆಯ ಸಂಯೋಜನಾ ತಂತ್ರವನ್ನು (ರೋಗಾಣುವಿನ ಸಕ್ಕರೆ ಕವಚದ ತುಣುಕನ್ನು ಪ್ರೋಟೀನ್‌ಗೆ ಜೋಡಿಸುವ ವಿಧಾನ) ಅಮೆರಿಕದ ಸರ್ಕಾರಿ ಪ್ರಯೋಗಾಲಯದಿಂದ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ಗೆ ವರ್ಗಾಯಿಸಲಾಯಿತು. 2010ರ ಕೊನೆಯಲ್ಲಿ ಬುರ್ಕಿನಾ ಫಾಸೊದಲ್ಲಿ ಅಭಿಯಾನ ಶುರುವಾಯಿತು. 2012ರಲ್ಲಿ ಇನ್ನೊಂದು ಅನುಮತಿ ಸಿಕ್ಕಿತು: 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಂಡು ನಾಲ್ಕು ದಿನದವರೆಗೆ ಲಸಿಕೆಯನ್ನು ಶೀತಲ ಪೆಟ್ಟಿಗೆಯ ಹೊರಗಿಡಬಹುದು. ಮಂಜುಗಡ್ಡೆ ಸಿಗದ ಹಳ್ಳಿಗೆ ಹೋಗುವ ಕಾರ್ಯಕರ್ತೆಗೆ ಈ ಒಂದು ಸಾಲು ಹೊಸ ಪ್ರಯೋಗಾಲಯಕ್ಕಿಂತ ದೊಡ್ಡದು. ಮಿತಿಯೂ ಇತ್ತು. ಲಸಿಕೆ ಎ ಬಗೆಯ ರೋಗಾಣುವಿಗಷ್ಟೇ ತಕ್ಕದ್ದು. ಸಿ, ಡಬ್ಲ್ಯೂ, ಎಕ್ಸ್ ಬಗೆಗಳು ಕಾಡುತ್ತಲೇ ಉಳಿದವು.

ಇಲ್ಲಿ ನಡೆದದ್ದು ಹೆಚ್ಚಾಗಿ ‘ಪುಶ್’, ಅಂದರೆ ಸಂಶೋಧನೆಗೇ ಹಣ ಕೊಡುವುದು. ‘ಪುಲ್’ ಎಂದರೆ ಫಲಕ್ಕೆ ಕೊಳ್ಳುವ ಭರವಸೆ. ನ್ಯುಮೋನಿಯಾ ತರುವ ಒಂದು ರೋಗಾಣುವಿನ ವಿರುದ್ಧದ ನ್ಯುಮೋಕಾಕಲ್ ಲಸಿಕೆಗೆ 2009ರಲ್ಲಿ ದಾನಿಗಳು 150 ಕೋಟಿ ಡಾಲರ್‌ನ ಮುಂಗಡ ಖರೀದಿ ಬದ್ಧತೆ ನೀಡಿದರು. ತಯಾರಕರಿಗೆ ಆರಂಭದ ಒಂದು ಪಾಲು ಡೋಸ್‌ಗಳಿಗೆ ತಲಾ 7 ಡಾಲರ್ ಸಿಗುತ್ತಿತ್ತು, ಆಮೇಲಿನವಕ್ಕೆ ಹೆಚ್ಚೆಂದರೆ 3.50. ಆದರೆ ಆ ಹೊತ್ತಿಗೆ ಲಸಿಕೆಗಳು ಬಹುಪಾಲು ಸಿದ್ಧವಾಗಿದ್ದವು. ಆದ್ದರಿಂದ ಇದು ಉತ್ಪಾದನೆ ಹೆಚ್ಚಿಸಿತೆನ್ನಬಹುದು, ಹೊಸದನ್ನು ಹುಟ್ಟಿಸಿತೆಂಬ ವಾದ ಗಟ್ಟಿಯಲ್ಲ. ಇವೆರಡನ್ನು ಬೆರೆಸಿ ಬರೆಯಬೇಡಿ.

ನಿಯಂತ್ರಣವೂ ನಾವೀನ್ಯತಾ ನೀತಿಯೇ. ಕೀನ್ಯಾದಲ್ಲಿ 2007ರಲ್ಲಿ ಮೊಬೈಲ್‌ನಲ್ಲೇ ಹಣ ಕಳಿಸುವ ಎಂ-ಪೆಸಾ ಸೇವೆ ಬಂದಾಗ ಮೊಬೈಲ್ ಹಣಕ್ಕೆಂದೇ ಕಾನೂನಿರಲಿಲ್ಲ. ಕೇಂದ್ರ ಬ್ಯಾಂಕ್ ಅದನ್ನು ತಡೆಯಲಿಲ್ಲ, ಹಾಗೆಂದು ಬಿಟ್ಟುಬಿಡಲೂ ಇಲ್ಲ; ಗ್ರಾಹಕರ ಹಣ ಬ್ಯಾಂಕುಗಳ ಟ್ರಸ್ಟ್ ಖಾತೆಯಲ್ಲೇ, ಅಂದರೆ ಕಂಪನಿಯ ಸ್ವಂತ ಹಣದಿಂದ ಬೇರೆಯಾಗಿ, ಇರಬೇಕಿತ್ತು.

ಶ್ರೀಮಂತ ದೇಶಗಳ ಒಳಗೂ ಇದೇ ಪ್ರಶ್ನೆ. ಸಂಶೋಧನೆಗೆ ತೆರಿಗೆ ವಿನಾಯಿತಿ ಕೊಟ್ಟರೆ ಅದು ಲಾಭವಿರುವ ಕಂಪನಿಗೆ ಮಾತ್ರ ದಕ್ಕುತ್ತದೆ. ನಷ್ಟದಲ್ಲಿರುವ ಪುಟ್ಟ ಸಂಸ್ಥೆಗೆ ಕಟ್ಟಲು ತೆರಿಗೆಯೇ ಇಲ್ಲವಲ್ಲ. ಅದಕ್ಕೇ ಆಸ್ಟ್ರೇಲಿಯಾದಲ್ಲಿ 2 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಿಂತ ಕಡಿಮೆ ವಹಿವಾಟಿನವರಿಗೆ ಈ ಮೊತ್ತ ನಗದಾಗಿಯೇ ಮರಳುತ್ತದೆ. ಅಮೆರಿಕ ಬೇರೆ ದಾರಿ ಹಿಡಿಯಿತು: 1982ರ ಕಾಯ್ದೆ ದೊಡ್ಡ ಸರ್ಕಾರಿ ಇಲಾಖೆಗಳು ಹೊರಗಿನವರಿಗೆ ಕೊಡುವ ಸಂಶೋಧನಾ ಹಣದಲ್ಲಿ ಸಣ್ಣ ಉದ್ದಿಮೆಗಳಿಗೆ ಪಾಲಿಟ್ಟಿತು; ಮುಂದೆ ಆ ಪಾಲು ಶೇ 3.2ಕ್ಕೇರಿತು. ಮೊದಲು ಸಣ್ಣ ಮೊತ್ತದಲ್ಲಿ ಕಲ್ಪನೆ ಸಾಧ್ಯವೇ ಎಂಬ ಪರೀಕ್ಷೆ, ಗೆದ್ದರೆ ದೊಡ್ಡ ಮೊತ್ತ. ಕೆಲವೇ ಸಂಸ್ಥೆಗಳು ಅರ್ಜಿ ಬರೆಯುವುದರಲ್ಲಿ ಪಳಗಿ, ಮಾರುಕಟ್ಟೆಗೆ ಹೆಚ್ಚೇನೂ ತರದೆ, ಮತ್ತೆ ಮತ್ತೆ ಅನುದಾನ ಪಡೆಯುವುದು ಇಲ್ಲಿಯ ಪ್ರಸಿದ್ಧ ದೋಷ. ಇದಕ್ಕೆ ಮದ್ದಾಗಿ, ಹಿಂದೆ ಹಲವು ಅನುದಾನ ಪಡೆದವರು ಎಷ್ಟನ್ನು ಮಾರಾಟಕ್ಕೆ ತಂದರೆಂದು ತೋರಿಸಬೇಕೆಂಬ ನಿಯಮ ಬಂದಿದೆ.